ಗೌರಿಬಿದನೂರಿನ ಬಯಲಿನಿಂದ ಆದಿತ್ಯ-ಎಲ್1 ವರೆಗೆ: ಸೌರಬಿರುಗಾಳಿಯ ಬೆನ್ನು ಹತ್ತುವ ಬಗೆ

(ಗೌರಿಬಿದನೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳಿಗೂ ಸಾರ್ವಜನಿಕರಿಗೂ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

2024ರ ಮೇ 10ರ ರಾತ್ರಿ ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಗಾದ ಚಿತ್ರಗಳನ್ನು ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ಸೂರ್ಯನ ಮೇಲಿದ್ದ 13664 ಎಂಬ ಸಂಖ್ಯೆಯ ಕಲೆಗಳ ಗುಂಪು ಕೆಲವೇ ದಿನಗಳಲ್ಲಿ ಒಂದರ ಹಿಂದೊಂದು ಹಲವು ಸಲ ಸಿಡಿದು, ಕಾಂತಕ್ಷೇತ್ರವನ್ನು ಹೊತ್ತ ಪ್ಲಾಸ್ಮಾ (ವಿದ್ಯುದಾವೇಶವಿರುವ ಬಿಸಿ ಅನಿಲ) ಮೋಡಗಳನ್ನು ನಮ್ಮ ಕಡೆ ಎಸೆಯಿತು. ಹಿಂದೆ ಹೊರಟವು ಮುಂದೆ ಹೋದವನ್ನು ದಾರಿಯಲ್ಲೇ ಹಿಡಿದು, ಒಂದಾಗಿ ಬಂದು ಬಡಿದವು. 2003ರ ನವೆಂಬರಿನ ನಂತರ ಅಷ್ಟು ದೊಡ್ಡ ಭೂಕಾಂತೀಯ ಬಿರುಗಾಳಿ ಬಂದಿರಲಿಲ್ಲ. 2024ರ ಅಕ್ಟೋಬರಿನಲ್ಲಿ, ಸೂರ್ಯ ತನ್ನ ಸುಮಾರು ಹನ್ನೊಂದು ವರ್ಷದ ಏರಿಳಿತದ 25ನೇ ಚಕ್ರದ ಗರಿಷ್ಠ ಹಂತ ತಲುಪಿದ್ದಾನೆ ಎಂದು ನಾಸಾ ಮತ್ತು ಅಮೆರಿಕದ ಸಾಗರ-ವಾತಾವರಣ ಸಂಸ್ಥೆ ನೋವಾ ಪ್ರಕಟಿಸಿದವು. ಗರಿಷ್ಠ ದಾಟಿದ ಮೇಲೆ ಕಾಟ ತಪ್ಪಿತು ಎಂದುಕೊಳ್ಳುವ ಹಾಗಿಲ್ಲ. 2003ರ ಆ ಬಿರುಗಾಳಿಗಳು ಬಂದದ್ದೇ 23ನೇ ಚಕ್ರ ಇಳಿಮುಖ ಹಿಡಿದ ಮೇಲೆ.

ಇಂಥ ಬಿರುಗಾಳಿಯನ್ನು ಒಂದೇ ಉಪಕರಣ ಮೊದಲಿಂದ ಕೊನೆಯವರೆಗೆ ನೋಡಲಾರದು. ಸೂರ್ಯನ ಹತ್ತಿರದಲ್ಲಿ ಒಂದು, ದಾರಿಯಲ್ಲಿ ಇನ್ನೊಂದು, ನಮ್ಮ ಬಾಗಿಲಲ್ಲಿ ಮತ್ತೊಂದು ಬೇಕು. ಸುದ್ದಿಯಲ್ಲಿ ಉಪಗ್ರಹಗಳ ಹೆಸರು ಬರುತ್ತದೆ. ಆದರೆ ಬಿರುಗಾಳಿ ಸೂರ್ಯನಿಂದ ಮೇಲೇಳುವ ಮೊದಲ ಹತ್ತಿಪ್ಪತ್ತು ನಿಮಿಷಗಳನ್ನು ಹಿಡಿಯುವ ಕೆಲಸವನ್ನು ಇದೇ ಊರಿನ ಹೊರಗೆ, ಬಯಲಿನಲ್ಲಿ ನಿಂತ ಆಂಟೆನಾಗಳು ದಶಕಗಳಿಂದ ಮಾಡುತ್ತಿವೆ. ಇವತ್ತಿನ ಮಾತು ಅದರ ಬಗ್ಗೆ. ಕೊನೆಯಲ್ಲಿ, ನಿಮ್ಮ ಕಾಲೇಜಿನ ಮೈದಾನದಲ್ಲೇ ತಂತಿಯೊಂದನ್ನು ಕಟ್ಟಿ ಈ ಕೆಲಸಕ್ಕೆ ಕೈಹಾಕುವುದು ಹೇಗೆ ಎಂದು ಅಳತೆ ಸಮೇತ ಹೇಳುತ್ತೇನೆ.

ಯಾವುದು ಯಾವಾಗ ಬರುತ್ತದೆ

ಸೂರ್ಯನಲ್ಲಿ ಜ್ವಾಲೆ ಸಿಡಿದಾಗ ಮೊದಲು ಬರುವುದು ಎಕ್ಸ್‌ರೇ. 8 ನಿಮಿಷ 20 ಸೆಕೆಂಡಿನ ದಾರಿ. ಇದಕ್ಕೆ ಮುನ್ಸೂಚನೆ ಇಲ್ಲ. ನಮಗೆ ಗೊತ್ತಾಗುವುದೂ ಏಟು ಬೀಳುವುದೂ ಒಂದೇ ಕ್ಷಣ. ಅಯಾನುಗೋಳದ, ಅಂದರೆ ವಾತಾವರಣದ ಮೇಲ್ಭಾಗದಲ್ಲಿ ವಿದ್ಯುತ್ ಕಣಗಳಿರುವ ವಲಯದ, ಕೆಳಪದರ ದಟ್ಟವಾಗಿ ಹಗಲಿರುವ ಕಡೆಯಲ್ಲಿ ಶಾರ್ಟ್‌ವೇವ್ ರೇಡಿಯೊ ಸಂಪರ್ಕ ಕಡಿಯುತ್ತದೆ. ಎರಡನೆಯದು ವೇಗದ ಪ್ರೋಟಾನುಗಳು. ಬಂದರೆ ಹತ್ತಾರು ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ಬರುತ್ತವೆ. ಮೂರನೆಯದೇ ಆ ಪ್ಲಾಸ್ಮಾ ಮೋಡ. ಇಂಗ್ಲಿಷಿನ ಹೆಸರಿನ ಮೊದಲಕ್ಷರ ಹಿಡಿದು ಎಲ್ಲರೂ ಸಿಎಂಇ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ತೀರಾ ವೇಗದ್ದು ಮುಕ್ಕಾಲು ದಿನದಲ್ಲಿ, ಸಾಮಾನ್ಯದ್ದು ಎರಡು ಮೂರು ದಿನದಲ್ಲಿ ತಲುಪುತ್ತದೆ.

ನಾವು ಮುಂಜಾಗ್ರತೆ ವಹಿಸಲು ಅವಕಾಶವಿರುವುದು ಈ ಮೂರನೆಯದರಲ್ಲಿ. ಅದಕ್ಕೆ ನಾಲ್ಕು ಸಂಗತಿ ಗೊತ್ತಿರಬೇಕು: ಯಾವಾಗ ಹೊರಟಿತು, ಎಷ್ಟು ವೇಗ, ಯಾವ ದಿಕ್ಕು, ಅದರೊಳಗಿನ ಕಾಂತಕ್ಷೇತ್ರ ಯಾವ ಕಡೆ ಮುಖ ಮಾಡಿದೆ. ಮೊದಲೆರಡರಲ್ಲಿ ಗೌರಿಬಿದನೂರಿನ ಪಾಲಿದೆ.

ಬಯಲಿನ ಆಂಟೆನಾ ಏನನ್ನು ಅಳೆಯುತ್ತದೆ

ಇಲ್ಲಿನ ಡೆಕಾಮೀಟರ್ ಅಲೆಗಳ ದೂರದರ್ಶಕ 1976ರದು. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದವು. ಇಂಗ್ಲಿಷಿನ ಟಿ ಅಕ್ಷರದ ಆಕಾರ, ಪೂರ್ವ-ಪಶ್ಚಿಮಕ್ಕೆ ಸುಮಾರು 1.4 ಕಿ.ಮೀ., ದಕ್ಷಿಣಕ್ಕೆ ಸುಮಾರು 450 ಮೀಟರ್, ಒಟ್ಟು 1000 ಡೈಪೋಲುಗಳು (ಎರಡು ತುಂಡು ತಂತಿಯ ಸರಳ ಆಂಟೆನಾಗಳು), 34.5 ಮೆಗಾಹರ್ಟ್ಸ್. ಅದರಿಂದ ಬರೆದ ಆಕಾಶದ ರೇಡಿಯೊ ನಕ್ಷೆ 1990ರಲ್ಲಿ ಪ್ರಕಟವಾಯಿತು. ಸೂರ್ಯನಿಗೆಂದೇ, ಅವನ ರೇಡಿಯೊ ಚಿತ್ರ ತೆಗೆಯುವ ರೇಡಿಯೊಹೀಲಿಯೋಗ್ರಾಫ್ 1997ರಲ್ಲಿ ಕೆಲಸ ಶುರುಮಾಡಿತು. ಜೊತೆಗೆ ಬೇರೆಬೇರೆ ಫ್ರೀಕ್ವೆನ್ಸಿಗಳನ್ನು ಒಟ್ಟಿಗೆ ದಾಖಲಿಸುವ ಸ್ಪೆಕ್ಟ್ರೋಗ್ರಾಫ್ ಬಂತು. ಇದೇ ತಾಲ್ಲೂಕಿನಲ್ಲಿ 1965ರಿಂದ ಭೂಕಂಪನ ಮಾಪಕಗಳ ಸಾಲೂ ಇದೆ. ದೂರದ ದೇಶಗಳ ಭೂಗತ ಅಣುಪರೀಕ್ಷೆಗಳನ್ನು ಹಿಡಿದದ್ದು ಅದು. ಗದ್ದಲವಿಲ್ಲದ ನೆಲ ಎಂಬುದು ಈ ಊರಿನ ದೊಡ್ಡ ಆಸ್ತಿ.

ಸಾಲು ಅಷ್ಟುದ್ದ ಯಾಕೆ? 80 ಮೆಗಾಹರ್ಟ್ಸ್‌ನಲ್ಲಿ ಅಲೆಯುದ್ದ 3.75 ಮೀಟರ್. ಒಂದೂಕಾಲು ಕಿ.ಮೀ. ಉದ್ದದ ಸಾಲಿದ್ದರೂ ಬಿಡಿಸಿ ನೋಡಬಹುದಾದ ಕೋನ ಹತ್ತು ಕೋನನಿಮಿಷ, ಅಂದರೆ ಒಂದು ಡಿಗ್ರಿಯ ಆರನೇ ಒಂದು ಭಾಗದ ಆಸುಪಾಸು. ಸೂರ್ಯನ ಬಿಂಬ 32 ಕೋನನಿಮಿಷ. ಕಿಲೋಮೀಟರುಗಟ್ಟಲೆ ತಂತಿ ಎಳೆದರೂ ಸಿಗುವುದು ಬಿಂಬದ ಮೂರನೇ ಒಂದರಷ್ಟು ದಪ್ಪದ ಚುಕ್ಕೆ. ಆದರೂ ಈ ಫ್ರೀಕ್ವೆನ್ಸಿಗಳನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ.

ಕರೋನಾ ಎಂಬ ಸೂರ್ಯನ ಹೊರವಾತಾವರಣದಲ್ಲಿ ಎಲೆಕ್ಟ್ರಾನುಗಳು ಎಷ್ಟು ದಟ್ಟವಾಗಿವೆಯೋ ಅದಕ್ಕೆ ತಕ್ಕ ಫ್ರೀಕ್ವೆನ್ಸಿಯಲ್ಲಿ ಪ್ಲಾಸ್ಮಾ ಕಂಪಿಸುತ್ತದೆ. ಲೆಕ್ಕ ಸರಳ: ಒಂದು ಘನ ಸೆಂಟಿಮೀಟರಿನಲ್ಲಿರುವ ಎಲೆಕ್ಟ್ರಾನುಗಳ ಸಂಖ್ಯೆಯ ವರ್ಗಮೂಲವನ್ನು 0.009ರಿಂದ ಗುಣಿಸಿದರೆ ಮೆಗಾಹರ್ಟ್ಸ್ ಸಿಗುತ್ತದೆ. ಎತ್ತರಕ್ಕೆ ಹೋದಂತೆ ಸಾಂದ್ರತೆ ಇಳಿಯುತ್ತದೆ, ಫ್ರೀಕ್ವೆನ್ಸಿಯೂ ಇಳಿಯುತ್ತದೆ. ಸಿಎಂಇ ಮುಂದೆ ತಳ್ಳಿಕೊಂಡು ಹೋಗುವ ಆಘಾತ ತರಂಗ ಕರೋನಾವನ್ನು ಹಾಯ್ದು ಮೇಲೇರುವಾಗ, ಹೋದಲ್ಲೆಲ್ಲ ಆ ಜಾಗದ ಫ್ರೀಕ್ವೆನ್ಸಿಯನ್ನು ಎಬ್ಬಿಸುತ್ತದೆ. ಸ್ಪೆಕ್ಟ್ರೋಗ್ರಾಫಿನ ಪರದೆಯಲ್ಲಿ ಮೇಲಿನ ಫ್ರೀಕ್ವೆನ್ಸಿಯಿಂದ ಕೆಳಕ್ಕೆ ನಿಧಾನವಾಗಿ ಓರೆಯಾಗಿ ಇಳಿಯುವ ಪಟ್ಟಿ ಕಾಣುತ್ತದೆ. ಅದೇ ಎರಡನೇ ಬಗೆಯ ಸೌರಸ್ಫೋಟ, ಟೈಪ್-2.

ಒಂದು ಉದಾಹರಣೆ ಹಿಡಿಯೋಣ. ಲೆಕ್ಕವನ್ನು ಕೈಯಾರೆ ಮಾಡದೆ ನಂಬಬೇಡಿ ಎಂದು ವಿಚಾರವಾದಿ ಎಚ್. ನರಸಿಂಹಯ್ಯನವರ ತಾಲ್ಲೂಕಿನಲ್ಲಿ ನಾನು ಹೇಳಬೇಕಾಗಿಲ್ಲ. ಪಟ್ಟಿ 80ರಿಂದ 40 ಮೆಗಾಹರ್ಟ್ಸ್‌ಗೆ ಇಳಿಯಲು 4 ನಿಮಿಷ ತೆಗೆದುಕೊಂಡಿತು ಎನ್ನಿ. 80ಕ್ಕೆ ಸಾಂದ್ರತೆ ಘನ ಸೆಂಟಿಮೀಟರಿಗೆ 7.9 ಕೋಟಿ, 40ಕ್ಕೆ ಸುಮಾರು 2 ಕೋಟಿ. ಯಾವ ಎತ್ತರದಲ್ಲಿ ಎಷ್ಟು ಸಾಂದ್ರತೆ ಎಂಬುದಕ್ಕೆ ನ್ಯೂಕರ್ಕ್ ಮಾದರಿ ಬಳಸಿದರೆ, ಸೂರ್ಯನ ಕೇಂದ್ರದಿಂದ 1.32 ಮತ್ತು 1.62 ಸೌರತ್ರಿಜ್ಯ. ನಡುವಿನ ಅಂತರ ಸುಮಾರು 2 ಲಕ್ಷ 7 ಸಾವಿರ ಕಿ.ಮೀ. ಇದನ್ನು 240 ಸೆಕೆಂಡಿನಿಂದ ಭಾಗಿಸಿ: ಸೆಕೆಂಡಿಗೆ 860 ಕಿ.ಮೀ. ಅದೇ ವೇಗ ಕಾಯ್ದುಕೊಂಡರೆ 48 ಗಂಟೆಯಲ್ಲಿ ಭೂಮಿ.

ಎಡವುವ ಜಾಗ ಇಲ್ಲೇ ಇದೆ. ಈ ಸ್ಫೋಟ ಹಲವು ಸಲ ಎರಡು ಪಟ್ಟಿಗಳಾಗಿ ಕಾಣುತ್ತದೆ: ಮೂಲ ಫ್ರೀಕ್ವೆನ್ಸಿಯಲ್ಲಿ ಒಂದು, ಅದರ ಇಮ್ಮಡಿಯಲ್ಲಿ ಇನ್ನೊಂದು. ಮೂಲಪಟ್ಟಿ ಮಂಕಾಗಿದ್ದು ಇಮ್ಮಡಿಯದೊಂದೇ ಕಂಡರೆ, ಅದನ್ನೇ ಮೂಲ ಎಂದುಕೊಳ್ಳುವುದು ಸುಲಭ. ಮೇಲಿನ ಪಟ್ಟಿ ನಿಜಕ್ಕೂ ಇಮ್ಮಡಿಯದಾಗಿದ್ದರೆ ಮೂಲ 40ರಿಂದ 20ಕ್ಕೆ ಇಳಿದಿದೆ; ಎತ್ತರ 1.62ರಿಂದ 2.09 ಸೌರತ್ರಿಜ್ಯ, ವೇಗ ಸೆಕೆಂಡಿಗೆ 1360 ಕಿ.ಮೀ., ಪ್ರಯಾಣ 31 ಗಂಟೆ. ಪಟ್ಟಿ ಅದೇ, ಓದಿದ್ದು ಬೇರೆ, ಮುನ್ಸೂಚನೆ ಮುಕ್ಕಾಲು ದಿನ ಪಲ್ಲಟ. ಹೀಗಾಗಿಯೇ ಸ್ಪೆಕ್ಟ್ರೋಗ್ರಾಫ್ ಸಾಲದು, ಹೀಲಿಯೋಗ್ರಾಫೂ ಬೇಕು. ಅದು ಸ್ಫೋಟ ಬಿಂಬದಿಂದ ಎಷ್ಟು ಹೊರಗಿದೆ ಎಂದು ತೋರಿಸುತ್ತದೆ, ಎತ್ತರಕ್ಕೆ ಮಾದರಿಯೊಂದನ್ನೇ ನಂಬಬೇಕಾಗಿಲ್ಲ. ಅದಕ್ಕೂ ಮಿತಿಯಿದೆ: ನಮ್ಮ ಅಯಾನುಗೋಳ ಈ ಅಲೆಗಳನ್ನು ಬಾಗಿಸಿ ಸೂರ್ಯನನ್ನೇ ಪಕ್ಕಕ್ಕೆ ಸರಿಸಿದಂತೆ ತೋರಿಸಬಲ್ಲದು. ಫ್ರೀಕ್ವೆನ್ಸಿ ಕಡಿಮೆಯಾದಷ್ಟೂ ಈ ಕಾಟ ಹೆಚ್ಚು.

ಹೊಸಕೋಟೆಯಲ್ಲಿ ಕಟ್ಟಿದ ಕಣ್ಣು

ಇದೇ ಎತ್ತರಗಳನ್ನು ಬೆಳಕಿನಲ್ಲಿ ನೋಡುವುದು ಕಷ್ಟ. ಕರೋನಾದ ಬೆಳಕು ಬಿಂಬದ ಬೆಳಕಿನ ಹತ್ತು ಲಕ್ಷದಲ್ಲೊಂದು ಪಾಲು ಮಾತ್ರ. ಬಿಂಬವನ್ನು ತಟ್ಟೆಯಿಂದ ಮರೆಮಾಡಬೇಕು, ತಟ್ಟೆ ದೊಡ್ಡದಾದರೆ ಕರೋನಾದ ಕೆಳಭಾಗವೂ ಮರೆಯಾಗುತ್ತದೆ. ಹೀಗೆ ಮರೆಮಾಡಿ ನೋಡುವ ಉಪಕರಣವೇ ಕರೋನಾಗ್ರಾಫ್. ಯುರೋಪ್ ಮತ್ತು ನಾಸಾದ ಸೋಹೊ ನೌಕೆಯ ಹೆಸರಾಂತ ಕರೋನಾಗ್ರಾಫಿಗೆ ಕಾಣುವುದು ಎರಡು ಸೌರತ್ರಿಜ್ಯದಿಂದ ಆಚೆಗೆ. ಒಂದರಿಂದ ಎರಡರ ನಡುವಿನ ಈ ಪಟ್ಟಿಯಲ್ಲೇ ಸಿಎಂಇ ಹುಟ್ಟಿ ವೇಗ ಪಡೆಯುವುದು. ಈಗ ಆ ಜಾಗಕ್ಕೆ ಎರಡು ಹೊಸ ಕಣ್ಣುಗಳು ಬಂದಿವೆ.

ಒಂದು, ಇಸ್ರೋದ ಸೌರ ವೀಕ್ಷಣಾ ನೌಕೆ ಆದಿತ್ಯ-ಎಲ್1ರ ಕರೋನಾಗ್ರಾಫ್ ವಿಇಎಲ್‌ಸಿ. ಭಾರತೀಯ ಖಭೌತ ಸಂಸ್ಥೆ ಇದನ್ನು ಹೊಸಕೋಟೆಯ ತನ್ನ ಆವರಣದಲ್ಲಿ ಜೋಡಿಸಿತು. ಇದರ ಮೊದಲ ಕನ್ನಡಿ ಬಿಂಬದ ಬೆಳಕನ್ನೂ ಕರೋನಾದ ಬೆಳಕನ್ನೂ ಒಟ್ಟಿಗೇ ಒಳಗೆ ಕಳಿಸುತ್ತದೆ. ಮುಂದಿನ ಕನ್ನಡಿಯ ನಡುವೆ ತೂತಿದೆ. ಬಿಂಬದ ಬೆಳಕು ಆ ತೂತಿನಲ್ಲಿ ಹೊರಬೀಳುತ್ತದೆ, ಕರೋನಾದ ಬೆಳಕು ಮಾತ್ರ ಮುಂದೆ ಹೋಗುತ್ತದೆ. ಹೀಗೆ 1.05 ಸೌರತ್ರಿಜ್ಯದಷ್ಟು ಹತ್ತಿರದಿಂದಲೇ ನೋಡಬಹುದು. ಬೆಲೆ ಏನು ಎಂದರೆ, ಮೊದಲ ಕನ್ನಡಿಯ ಮೇಲೆ ಬಿಂಬದ ಪೂರ್ತಿ ಬೆಳಕು ಬೀಳುತ್ತದೆ. ಅದರ ಹೊಳಪಿನಲ್ಲಿ ಅಣುಗಾತ್ರದ ಉಬ್ಬುತಗ್ಗಿದ್ದರೂ, ಒಂದು ದೂಳಿನ ಕಣ ಕೂತರೂ, ಚದುರಿದ ಬೆಳಕು ಕರೋನಾವನ್ನು ಮುಳುಗಿಸಿಬಿಡುತ್ತದೆ. ಕನ್ನಡಿಯನ್ನು ಅಷ್ಟು ನಯಗೊಳಿಸಿದ್ದೂ ದೂಳಿಲ್ಲದ ಕೋಣೆಯಲ್ಲಿ ಜೋಡಿಸಿದ್ದೂ ಈ ಕಾರಣಕ್ಕೆ.

2024ರ ಜುಲೈ 16ರಂದು ಸಿಎಂಇಯೊಂದು ಹೊರಡುವುದನ್ನು ವಿಇಎಲ್‌ಸಿ ಕಬ್ಬಿಣದ ಅಯಾನಿನ 5303 ಆಂಗ್‌ಸ್ಟ್ರಾಮ್ ಹಸಿರು ರೇಖೆಯಲ್ಲಿ ಹಿಡಿಯಿತು. ಆ ಜಾಗದ ಕರೋನಾ ಹೆಚ್ಚುಕಡಿಮೆ ಅರ್ಧಕ್ಕರ್ಧ ಮಂಕಾಯಿತು. ಅಲ್ಲಿದ್ದ ದ್ರವ್ಯ ಕಿತ್ತುಹೋದದ್ದೇ ಕಾರಣ. ಹೊರಟ ವೇಳೆಯನ್ನು ಕರಾರುವಾಕ್ಕಾಗಿ ಹೇಳಲು ಈ ಮಂಕು ನೆರವಾಯಿತು. ನನ್ನ ದೃಷ್ಟಿಯಲ್ಲಿ ಆದಿತ್ಯದ ಇದುವರೆಗಿನ ಕೆಲಸದಲ್ಲಿ ಇದು ಬಹಳ ಮುಖ್ಯವಾದದ್ದು.

ಇನ್ನೊಂದು, 2024ರ ಡಿಸೆಂಬರ್ 5ರಂದು ಶ್ರೀಹರಿಕೋಟದಿಂದ ಪಿಎಸ್‌ಎಲ್‌ವಿ-ಸಿ59 ಹೊತ್ತೊಯ್ದ ಯುರೋಪಿನ ಪ್ರೋಬಾ-3. ಎರಡು ನೌಕೆಗಳು 150 ಮೀಟರ್ ಅಂತರದಲ್ಲಿ ಸಾಲಾಗಿ ಹಾರುತ್ತವೆ. ಮುಂದಿನದರ 1.4 ಮೀಟರ್ ತಟ್ಟೆ ಸೂರ್ಯನನ್ನು ಮರೆಮಾಡುತ್ತದೆ, ಹಿಂದಿನದು ಆ ನೆರಳಿನಲ್ಲಿ ನಿಂತು ನೋಡುತ್ತದೆ. ತಟ್ಟೆ ದೂರವಿದ್ದಷ್ಟೂ ಅದರ ಅಂಚಿನಿಂದ ಬಾಗಿ ಬರುವ ಬೆಳಕಿನ ತೊಂದರೆ ಕಡಿಮೆ.

ಕೊನೆಯ ಅರ್ಧ ಗಂಟೆ

ಆದಿತ್ಯ 2023ರ ಸೆಪ್ಟೆಂಬರ್ 2ರಂದು ಹೊರಟು 2024ರ ಜನವರಿ 6ರಂದು ಸೂರ್ಯ-ಭೂಮಿಗಳ ಸೆಳೆತ ಹೊಂದಿಕೊಂಡು ನೌಕೆ ಭೂಮಿಯ ಜೊತೆಜೊತೆಗೇ ಸುತ್ತಬಲ್ಲ ಎಲ್1 ಬಿಂದುವಿನ ಸುತ್ತಲಿನ ಕಕ್ಷೆ ಸೇರಿತು. ನಮ್ಮಿಂದ 15 ಲಕ್ಷ ಕಿ.ಮೀ. ದೂರ, ಸೂರ್ಯನ ದಾರಿಯಲ್ಲಿ ಇದು ನೂರರಲ್ಲಿ ಒಂದು ಪಾಲು. ಸೆಕೆಂಡಿಗೆ 800 ಕಿ.ಮೀ. ವೇಗದ ಸಿಎಂಇ ಅಲ್ಲಿಂದ ಇಲ್ಲಿಗೆ ಬರಲು ಅರ್ಧ ಗಂಟೆ. ನಾಲ್ಕನೇ ಸಂಗತಿ, ಅಂದರೆ ಕಾಂತಕ್ಷೇತ್ರದ ದಿಕ್ಕು, ಖಚಿತವಾಗಿ ಗೊತ್ತಾಗುವುದು ಈ ಅರ್ಧ ಗಂಟೆಯಲ್ಲೇ. ಅದು ದಕ್ಷಿಣಕ್ಕೆ ಮುಖ ಮಾಡಿದ್ದರೆ ಭೂಮಿಯ ಕಾಂತಕ್ಷೇತ್ರದೊಂದಿಗೆ ಬೆಸೆದುಕೊಂಡು ಶಕ್ತಿ ಒಳಗೆ ನುಗ್ಗುತ್ತದೆ. ಉತ್ತರಕ್ಕಿದ್ದರೆ ದೊಡ್ಡ ಸಿಎಂಇ ಕೂಡ ಹೆಚ್ಚು ಹಾನಿ ಮಾಡದೆ ಹಾದುಹೋಗಬಹುದು. ಎರಡು ದಿನ ಮೊದಲೇ ‘ಭಾರೀ ಬಿರುಗಾಳಿ ಅಪ್ಪಳಿಸಲಿದೆ’ ಎಂದು ಬರುವ ಸುದ್ದಿಗಳಲ್ಲಿ ಈ ಒಂದು ಅಂಶ ಇರುವುದೇ ಇಲ್ಲ, ಇರಲು ಸಾಧ್ಯವೂ ಇಲ್ಲ.

ಇದನ್ನು ಅಳೆಯುವ ಮ್ಯಾಗ್ನೆಟೋಮೀಟರನ್ನು ನೌಕೆಯ ಮೈಗೆ ಅಂಟಿಸಿಲ್ಲ. 6 ಮೀಟರ್ ಉದ್ದದ ತೋಳಿನ ತುದಿಯಲ್ಲಿ ಒಂದು ಸಂವೇದಕ, ನಡುವೆ 3 ಮೀಟರಿನಲ್ಲಿ ಇನ್ನೊಂದು. ನೌಕೆಯ ವಿದ್ಯುತ್ ಉಪಕರಣಗಳಿಗೇ ಕಾಂತಕ್ಷೇತ್ರ ಇರುತ್ತದೆ. ಅದು ಹತ್ತಿರದ ಸಂವೇದಕದಲ್ಲಿ ಹೆಚ್ಚು, ದೂರದ್ದರಲ್ಲಿ ಕಡಿಮೆ ಕಾಣುತ್ತದೆ. ಆ ವ್ಯತ್ಯಾಸ ಹಿಡಿದು ನೌಕೆಯ ಪಾಲನ್ನು ಕಳೆಯುತ್ತಾರೆ.

ಮೈದಾನದಲ್ಲಿ ಒಂದು ತಂತಿ

ಈಗ ನಿಮ್ಮ ಕೆಲಸ. ಫ್ರೀಕ್ವೆನ್ಸಿ 25.6 ಮೆಗಾಹರ್ಟ್ಸ್ ಇಟ್ಟುಕೊಳ್ಳಿ. 25.55ರಿಂದ 25.67ರವರೆಗಿನ ಪಟ್ಟಿ ಅಂತರರಾಷ್ಟ್ರೀಯವಾಗಿ ರೇಡಿಯೊ ಖಗೋಳಕ್ಕೆ ಮೀಸಲು, ಮತ್ತು ಕಂಪ್ಯೂಟರಿಗೆ ಸಿಕ್ಕಿಸುವ ಅಗ್ಗದ ರೇಡಿಯೊ ಗ್ರಾಹಕಗಳಾದ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್‌ಗಳು ಕೆಲಸ ಶುರುಮಾಡುವುದು 24ರ ಹತ್ತಿರದಿಂದ. ಅಲೆಯುದ್ದ 11.71 ಮೀಟರ್. ಅರ್ಧ ಮಾಡಿ, ತಂತಿಯಲ್ಲಿ ಅಲೆ ತುಸು ನಿಧಾನವಾದ್ದರಿಂದ 0.95ರಿಂದ ಗುಣಿಸಿದರೆ 5.56 ಮೀಟರ್. ಅಂದರೆ 2.78 ಮೀಟರಿನ ಎರಡು ತಾಮ್ರದ ತಂತಿಗಳು, ತುದಿ ಕಟ್ಟಲು ಎರಡೂ ಕಡೆ ಹತ್ತು ಸೆಂಟಿಮೀಟರ್ ಹೆಚ್ಚು. ನಡುವೆ ಪಿವಿಸಿ ತುಂಡು. ತುದಿಗಳಿಗೆ ನೈಲಾನ್ ಹಗ್ಗ. ಕಬ್ಬಿಣದ ತಂತಿಯಿಂದ ಬಿಗಿದರೆ ಆಂಟೆನಾದ ಅಳತೆಯೇ ಕೆಡುತ್ತದೆ.

ಎತ್ತರ 3 ಮೀಟರ್, ಅಂದರೆ ಕಾಲು ಅಲೆಯುದ್ದ. ಆಗ ನೆಲದಿಂದ ಪುಟಿದ ಅಲೆ ನೇರ ಬಂದ ಅಲೆಯೊಂದಿಗೆ ಕೂಡಿ, ನೆತ್ತಿಯ ಕಡೆ ಗ್ರಹಣಶಕ್ತಿ ಹೆಚ್ಚುತ್ತದೆ. ಬಿದಿರಿನ ಕಂಬ ಸಾಕು. ಉತ್ತರದ ದೇಶಗಳಿಗೆಂದು ಬರೆದ ಕೈಪಿಡಿಗಳಲ್ಲಿ ತಂತಿಯನ್ನು ಪೂರ್ವ-ಪಶ್ಚಿಮಕ್ಕೆ ಎಳೆಯಿರಿ ಎಂದಿರುವುದುಂಟು. ಅಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡೇ ಇರುತ್ತಾನೆ. ನಾವಿರುವುದು 13.6 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಲ್ಲೂ ಆಗಸ್ಟ್ ನಡುವಿನಲ್ಲೂ ಅವನು ನಮ್ಮ ನೆತ್ತಿಯ ಮೇಲೇ ಹಾಯುತ್ತಾನೆ. ತಂತಿಯ ತುದಿ ನೋಡುವ ದಿಕ್ಕಿನಲ್ಲಿ ಡೈಪೋಲ್ ಕಿವುಡು. ಆದ್ದರಿಂದ ಇಲ್ಲಿ ಉತ್ತರ-ದಕ್ಷಿಣಕ್ಕೆ ಕಟ್ಟಿ, ಬೆಳಗಿನಿಂದ ಸಂಜೆಯವರೆಗೆ ಸೂರ್ಯ ಕೈತಪ್ಪುವುದಿಲ್ಲ.

ಕೇಬಲ್‌ಗೆ ಡಿಶ್ ಟಿವಿಯವರ ಆರ್‌ಜಿ-6 ಸಾಕು. ಅದು 75 ಓಮ್, ಡೈಪೋಲಿನದೂ ಹೆಚ್ಚುಕಡಿಮೆ ಅಷ್ಟೇ; 30 ಮೀಟರಿಗೆ ನಷ್ಟ ಒಂದು ಡೆಸಿಬೆಲ್‌ನ ಆಸುಪಾಸು. ಅದರ ಹೊರಜಾಲರಿ ಅಲ್ಯೂಮಿನಿಯಂನದಾಗಿದ್ದರೆ ಸಾಲ್ಡರ್ ಹಿಡಿಯುವುದಿಲ್ಲ. ಹಿಡಿದಂತೆ ಕಂಡರೂ ಒಂದು ಮಳೆಗಾಲದಲ್ಲಿ ಬಿಟ್ಟುಕೊಳ್ಳುತ್ತದೆ. ಎಫ್ ಕನೆಕ್ಟರನ್ನು ಕ್ರಿಂಪ್ ಮಾಡಿ, ಅದರ ಆಚೆ ಬದಿಯ ಸಾಕೆಟ್ಟಿನಿಂದ ತಂತಿಗಳಿಗೆ ಜೋಡಿಸಿ. ಜೋಡಣೆಯ ಬುಡದಲ್ಲಿ ಕೇಬಲ್ಲನ್ನು ಒಂದು ಗೇಣಿನಗಲದ ಎಂಟು ಹತ್ತು ಸುತ್ತು ಸುತ್ತಿ ಕಟ್ಟಿ. ಈ ಸುರುಳಿ ಇಲ್ಲದಿದ್ದರೆ ಕೇಬಲ್ಲಿನ ಹೊರಮೈಯೇ ಆಂಟೆನಾ ಆಗಿ, ಕಟ್ಟಡದೊಳಗಿನ ಎಲ್‌ಇಡಿ, ಯುಪಿಎಸ್‌ಗಳ ಗದ್ದಲವನ್ನೆಲ್ಲ ಹೊತ್ತು ತರುತ್ತದೆ. ಕರೆಂಟು ಕಂಬದ ಹತ್ತಿರ ಕಟ್ಟಲೇಬೇಡಿ. ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗಿನ ಮೋಡ ಕಂಡರೆ, ತಲೆಯ ಮೇಲೆ ಬರುವವರೆಗೆ ಕಾಯದೆ ಕೇಬಲ್ ಬಿಚ್ಚಿ ಹೊರಗಿಡಿ.

ಸಾಫ್ಟ್‌ವೇರಿನಲ್ಲಿ ಮೊದಲು ಮಾಡಬೇಕಾದದ್ದು ಸಂಕೇತದ ಮಟ್ಟವನ್ನು ತಾನೇ ಏರಿಸಿ ಇಳಿಸುವ ಆಟೊಮ್ಯಾಟಿಕ್ ಗೇನ್ ಅನ್ನು ಆಫ್ ಮಾಡುವುದು. ಅದು ಚಾಲೂ ಇದ್ದರೆ ಸ್ಫೋಟ ಬಂದಾಗ ಡಾಂಗಲ್ ತಾನೇ ದನಿ ತಗ್ಗಿಸಿಕೊಂಡು, ಏನೂ ಆಗಲಿಲ್ಲ ಎಂದು ಬರೆಯುತ್ತದೆ. ದಾಖಲೆ ಸೆಕೆಂಡಿಗೆ ಐದಾದರೂ ಇರಲಿ. ಕಂಪ್ಯೂಟರಿನ ಗಡಿಯಾರವನ್ನು ಇಂಟರ್‌ನೆಟ್ಟಿಗೆ ಹೊಂದಿಸಿ, ವೇಳೆಯನ್ನು ಸಾರ್ವತ್ರಿಕ ಕಾಲಮಾನದಲ್ಲೇ ಬರೆಯಿರಿ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ.

ಆಂಟೆನಾ ನಿಜಕ್ಕೂ ಆಕಾಶವನ್ನು ಕೇಳುತ್ತಿದೆಯೇ? ಕೇಬಲ್ ಬಿಚ್ಚಿ ಆ ಜಾಗಕ್ಕೆ 75 ಓಮ್ ರೆಸಿಸ್ಟರ್ ಹಾಕಿ ಮಟ್ಟ ಬರೆದುಕೊಳ್ಳಿ, ಮತ್ತೆ ಆಂಟೆನಾ ಹಾಕಿ. ಮಟ್ಟ ಹಲವು ಡೆಸಿಬೆಲ್ ಏರಬೇಕು, ಏಕೆಂದರೆ ಈ ಫ್ರೀಕ್ವೆನ್ಸಿಯಲ್ಲಿ ಆಕಾಶಗಂಗೆಯ ಸದ್ದೇ ಬಹಳ ಜೋರು. ಏರದಿದ್ದರೆ ಎಲ್ಲೋ ಜೋಡಣೆ ಬಿಟ್ಟಿದೆ. ಏರಿದರೆ ಅದು ಆಕಾಶಗಂಗೆಯೋ ಪಕ್ಕದ ಮನೆಯ ಇನ್ವರ್ಟರೋ ತಿಳಿಯಲು ಒಂದು ತಿಂಗಳು ದಾಖಲಿಸಿ. ನಕ್ಷತ್ರಗಳು ದಿನಕ್ಕೆ 4 ನಿಮಿಷ ಬೇಗ ಹುಟ್ಟುತ್ತವೆ. ಆಕಾಶಗಂಗೆಯ ಉಬ್ಬು ತಿಂಗಳಿಗೆ ಎರಡು ಗಂಟೆ ಹಿಂದಕ್ಕೆ ಸರಿಯಬೇಕು. ಜೂನ್ ನಡುವಿನಲ್ಲಿ ಮಧ್ಯರಾತ್ರಿ ಬಂದದ್ದು ಜುಲೈ ನಡುವಿನಲ್ಲಿ ರಾತ್ರಿ ಹತ್ತಕ್ಕೆ. ಗಡಿಯಾರ ನೋಡಿಕೊಂಡು ದಿನವೂ ಅದೇ ಹೊತ್ತಿಗೆ ಬರುವುದು ಮನುಷ್ಯರ ಗದ್ದಲ.

ಗದ್ದಲಗಳಿಗೆ ಒಂದೊಂದಕ್ಕೂ ಗುರುತಿದೆ. ಬೋರ್‌ವೆಲ್ ಮೋಟರ್ ಶುರುವಾದರೆ ಒಂದು ಟಕ್, ಆಮೇಲೆ ಮಟ್ಟ ಮೆಟ್ಟಿಲಿನಂತೆ ಏರಿ ಅಲ್ಲೇ ನಿಲ್ಲುತ್ತದೆ. ಹೊಲದ ಸೋಲಾರ್ ಬೇಲಿ ಸೆಕೆಂಡಿಗೊಮ್ಮೆ ಬಡಿಯುತ್ತದೆ. ವಿದ್ಯುತ್ ತಂತಿಯ ಇನ್ಸುಲೇಟರಿನಲ್ಲಿ ಕಿಡಿ ಹಾರುತ್ತಿದ್ದರೆ ಬೇಸಿಗೆಯಲ್ಲಿ ಒಂದೇ ಸಮ ಗುಯ್‌ಗುಡುತ್ತದೆ, ಒಳ್ಳೆಯ ಮಳೆ ಬಿದ್ದು ದೂಳು ತೊಳೆದರೆ ತಗ್ಗುತ್ತದೆ. ಮಿಂಚಿನದು ಸೂಜಿಮೊನೆಯಂಥ ಗೆರೆ. ವೇಗದ ಎಲೆಕ್ಟ್ರಾನುಗಳು ಎಬ್ಬಿಸುವ, ಟೈಪ್-3 ಎಂಬ ಸೂರ್ಯನ ಮೂರನೇ ಬಗೆಯ ಸ್ಫೋಟ ಥಟ್ಟನೆ ಏರಿ, ನಿಧಾನವಾಗಿ ಇಳಿದು, ಹಲವು ಸೆಕೆಂಡು ಇರುತ್ತದೆ. ಗುಂಪಾಗಿ ಬರುವುದೂ ಹೆಚ್ಚು. ಕಂಡಿತು ಎನಿಸಿದರೆ ಸೌರ ರೇಡಿಯೊ ಸ್ಫೋಟಗಳನ್ನು ದಾಖಲಿಸುವ ಇ-ಕ್ಯಾಲಿಸ್ಟೊ ಎಂಬ ಜಾಗತಿಕ ಜಾಲದ ದಾಖಲೆಗಳು ಎಲ್ಲರಿಗೂ ತೆರೆದಿವೆ, ಅದೇ ನಿಮಿಷಕ್ಕೆ ತೆರೆದು ಹೋಲಿಸಿ. ಇನ್ನೊಂದು ಕೊಡುಗೆಯೂ ಇದೆ. ಹಗಲಿನಲ್ಲಿ ದೊಡ್ಡ ಜ್ವಾಲೆ ಸಿಡಿದಾಗ ಅಯಾನುಗೋಳ ಆಕಾಶಗಂಗೆಯ ಸದ್ದನ್ನೇ ನುಂಗುವುದರಿಂದ ನಿಮ್ಮ ಗೆರೆ ಕೆಲ ನಿಮಿಷಗಳಲ್ಲಿ ಕುಸಿದು, ಆಮೇಲೆ ಮೆಲ್ಲಗೆ ಮೇಲೇಳುತ್ತದೆ. ಅದನ್ನು ಕೆಟ್ಟ ದಾಖಲೆ ಎಂದು ಅಳಿಸಬೇಡಿ.

ಸಭೆಯಿಂದ ಬಂದ ಪ್ರಶ್ನೆಗಳು

ಮೊಬೈಲ್ ಸುಟ್ಟುಹೋಗುತ್ತದೆಯೇ ಎಂದು ಕೇಳಿದ್ದೀರಿ. ಇಲ್ಲ. ಸಣ್ಣ ಉಪಕರಣಗಳಿಗೆ ನೇರ ಅಪಾಯವಿಲ್ಲ. ಉಪಗ್ರಹಗಳ ಮಾತು ಬೇರೆ. 2022ರ ಫೆಬ್ರುವರಿಯಲ್ಲಿ ಹಾರಿಸಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಹೆಚ್ಚಿನವು ಬಿದ್ದುಹೋದದ್ದು ಒಂದು ಸಾಧಾರಣ ಬಿರುಗಾಳಿಗೆ. ಅವು ಆಗಿನ್ನೂ 210 ಕಿ.ಮೀ. ಎತ್ತರದಲ್ಲಿದ್ದವು, ಬಿಸಿಯೇರಿ ಉಬ್ಬಿದ ವಾತಾವರಣ ಅವುಗಳನ್ನು ಎಳೆದುಕೊಂಡಿತು.

ಜಮೀನು ಅಳೆಯುವ ಜಿಪಿಎಸ್ ರೋವರ್ ಕೆಲವು ಸಂಜೆ ಸ್ಥಾನ ಹಿಡಿಯುವುದೇ ಇಲ್ಲ, ಇದಕ್ಕೂ ಸೂರ್ಯನೇ ಕಾರಣವೇ ಎಂಬುದು ಒಳ್ಳೆಯ ಪ್ರಶ್ನೆ. 2024ರ ಮೇ ಬಿರುಗಾಳಿಯಲ್ಲಿ ಅಮೆರಿಕದ ರೈತರ ಜಿಪಿಎಸ್ ಟ್ರ್ಯಾಕ್ಟರುಗಳು ಬಿತ್ತನೆಯ ಹೊತ್ತಿಗೇ ನಿಂತುಹೋದದ್ದುಂಟು. ನಮ್ಮಲ್ಲಿ ಬಿರುಗಾಳಿಯೇ ಬೇಕಿಲ್ಲ. ನಾವು ಕಾಂತೀಯ ಸಮಭಾಜಕದ ಹತ್ತಿರ ಇದ್ದೇವೆ. ಸೂರ್ಯಾಸ್ತದ ನಂತರ ಇಲ್ಲಿನ ಅಯಾನುಗೋಳದಲ್ಲಿ ಸಾಂದ್ರತೆ ಕಡಿಮೆಯಾದ ಗುಳ್ಳೆಗಳು ಮೇಲೇಳುತ್ತವೆ. ಅವುಗಳನ್ನು ಹಾಯ್ದು ಬರುವ ಉಪಗ್ರಹ ಸಂಕೇತ ಮಿನುಗುತ್ತದೆ, ರೋವರ್ ಲೆಕ್ಕ ತಪ್ಪುತ್ತದೆ. ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಸೂರ್ಯನ ಚಟುವಟಿಕೆ ಹೆಚ್ಚಿರುವ ವರ್ಷಗಳಲ್ಲಿ, ಇದು ಜಾಸ್ತಿ. ಮಧ್ಯರಾತ್ರಿಯ ಹೊತ್ತಿಗೆ ಸಾಮಾನ್ಯವಾಗಿ ತಗ್ಗುತ್ತದೆ. ಉಪಕರಣ ರಿಪೇರಿಗೆ ಕಳಿಸುವ ಮುಂಚೆ ಅದೇ ಬಾಂದುಕಲ್ಲಿನ ಮೇಲೆ ಮರುದಿನ ಬೆಳಿಗ್ಗೆ ಹತ್ತು ಗಂಟೆಯೊಳಗೆ ಇನ್ನೊಮ್ಮೆ ಅಳೆದು ನೋಡಿ. ಆ ಹೊತ್ತಿನಲ್ಲಿ ಸರಿಯಾಗಿ ಹಿಡಿದರೆ ರೋವರಿನಲ್ಲಿ ದೋಷವಿಲ್ಲ, ಸಂಜೆಯ ಅಳತೆಗಳನ್ನು ಮಾತ್ರ ಬಿಟ್ಟುಬಿಡಿ.